ಕಾರು ನಿಲ್ಲಿಸಿ ಓಡಿದವನು

ಕಳೆದ ವಾರ ಒಂದು ರಾತ್ರಿ ನಿದ್ದೆ ಬರದೆ ಹಳೇ ಫಾರ್ಮುಲಾ ಒನ್ ರೇಸುಗಳ ವಿಡಿಯೋ ಒಂದಾದ ಮೇಲೊಂದು ನೋಡ್ತಾ ಕೂತಿದ್ದೆ, ಆಗ ಮತ್ತೆ ಆ ವಿಡಿಯೋ ಎದುರಿಗೆ ಬಂತು. 1973ರ ಡಚ್ ಗ್ರ್ಯಾನ್ ಪ್ರೀ, ಝಾಂಡ್‌ವೋರ್ಟ್. ಇದನ್ನ ಮೊದಲೂ ಎರಡು ಮೂರು ಸಲ ನೋಡೋಕೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ್ದೆ, ತಡ್ಕೊಳೋಕಾಗ್ತಿರಲಿಲ್ಲ. ಈ ಸಲ ಯಾಕೋ ಪೂರ್ತಿ ನೋಡಿದೆ. ಮಗುಚಿ ಬಿದ್ದ ಕಾರಿಗೆ ಬೆಂಕಿ ಹತ್ತಿಕೊಂಡಿದೆ, ಹೆಲ್ಮೆಟ್ ಹಾಕಿಕೊಂಡ ಒಬ್ಬನೇ ಒಬ್ಬ ಮನುಷ್ಯ ಅದರ ಪಕ್ಕ ನಿಂತು ಎರಡೂ ಕೈ ಕೊಟ್ಟು ಅದನ್ನ ಎತ್ತೋಕೆ ನೋಡ್ತಾ ಇದಾನೆ, ಹಿಂದೆ ಮಿಕ್ಕ ಕಾರುಗಳು ಬರ್ ಅಂತ ಹೋಗ್ತಾನೇ ಇವೆ. ಆ ಮನುಷ್ಯನ ಹೆಸರು ಡೇವಿಡ್ ಪರ್ಲಿ.

ರೇಸಿಂಗ್ ಫಾಲೋ ಮಾಡೋ ಎಷ್ಟೋ ಜನಕ್ಕೂ ಈ ಹೆಸರು ಗೊತ್ತಿಲ್ಲ, ಗೊತ್ತಿದ್ದವರಿಗೂ ಈ ಒಂದು ವಿಡಿಯೋದಿಂದ ಮಾತ್ರ ಗೊತ್ತು. ಲೆಕ್ಕಕ್ಕೆ ಕೂತರೆ ಫಾರ್ಮುಲಾ ಒನ್‌ನಲ್ಲಿ ಅವನು ಓಡಿಸಿದ್ದು ಏಳೇ ರೇಸು, ಚಾಂಪಿಯನ್‌ಶಿಪ್ ಪಾಯಿಂಟ್ ಒಂದೂ ಇಲ್ಲ, ಅತಿ ಒಳ್ಳೇ ಫಲಿತಾಂಶ ಅಂದ್ರೆ ಇಟಲಿಯ ಮೊಂಝಾದಲ್ಲಿ ಒಂಬತ್ತನೇ ಸ್ಥಾನ. ಅಂಕಿಅಂಶದ ಪುಟದಲ್ಲಿ ಒಂದು ಸಾಲು, ಕಣ್ಣು ಹಾಗೇ ದಾಟಿ ಹೋಗೋ ಸಾಲು. ಆದ್ರೆ ನನಗೆ ಈ ಮನುಷ್ಯನ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು.

ಹುಟ್ಟಿದ್ದು 1945ರ ಜನವರಿಯಲ್ಲಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋಗ್ನರ್ ರೀಜಿಸ್ ಅನ್ನೋ ಊರಲ್ಲಿ. ಅಪ್ಪನದು ಫ್ರಿಜ್ ಕಂಪನಿ, ಎಲ್‌ಇಸಿ ಅಂತ. ದುಡ್ಡಿಗೇನೂ ಕೊರತೆ ಇರಲಿಲ್ಲ. ಹಾಗಂತ ಹುಡುಗ ಮನೆ ವ್ಯಾಪಾರ ನೋಡ್ಕೊಂಡು ತಣ್ಣಗೆ ಇರಲಿಲ್ಲ, ಸೈನ್ಯಕ್ಕೆ ಹೋದ. ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ ಆಫೀಸರ್ ಆದ, ಪ್ಯಾರಾಶೂಟ್ ರೆಜಿಮೆಂಟಿನ ಜೊತೆ ಅರೇಬಿಯಾದ ತುದಿಯ ಏಡನ್‌ನಲ್ಲಿ ಕಾದಾಟವನ್ನೂ ನೋಡಿದ. ಒಂದು ಸಲ ಆಕಾಶದಿಂದ ಹಾರಿದಾಗ ಅವನ ಪ್ಯಾರಾಶೂಟ್ ಸರಿಯಾಗಿ ಬಿಚ್ಚಿಕೊಳ್ಳಲೇ ಇಲ್ಲ, ಕೆಳಗೆ ತೇಲ್ತಿದ್ದ ತನ್ನ ಪ್ಲಟೂನ್ ಸಾರ್ಜೆಂಟ್‌ನ ಪ್ಯಾರಾಶೂಟ್ ಮೇಲೆ ಬಿದ್ದು ಬದುಕಿಕೊಂಡ ಅಂತ ಅವನ ಬಗ್ಗೆ ಬರೆದವರೆಲ್ಲ ಹೇಳ್ತಾರೆ. ಇಪ್ಪತ್ತು ಚಿಲ್ಲರೆ ವಯಸ್ಸಿಗೇ ಸಾವಿನ ಬಾಗಿಲು ತಟ್ಟಿ ವಾಪಸ್ ಬಂದವನಿಗೆ ರೇಸ್ ಕಾರು ಏನೂ ಭಯ ಹುಟ್ಟಿಸಿರಲಿಕ್ಕಿಲ್ಲ.

ರೇಸಿಂಗಿಗೆ ಬಂದಿದ್ದು ತಡವಾಗಿ, 1968ರಲ್ಲಿ, ಒಂದು ಎಸಿ ಕೋಬ್ರಾ ಕಾರಲ್ಲಿ. ಅದೇ ಕಡೆಯ ಡೆರೆಕ್ ಬೆಲ್, ಮುಂದೆ ಲೆ ಮಾನ್ಸ್ ಅನ್ನೋ 24 ಗಂಟೆಯ ರೇಸನ್ನ ಐದು ಸಲ ಗೆದ್ದವನು, ಅವನ ಗೆಳೆತನ ಇವನನ್ನ ಟ್ರ್ಯಾಕಿನ ಕಡೆ ಎಳೀತು. ಆಮೇಲೆ ಫಾರ್ಮುಲಾ ತ್ರೀ, ಫಾರ್ಮುಲಾ ಒನ್‌ಗಿಂತ ಕೆಳಗಿನ ಹಂತದ ರೇಸಿಂಗ್. ಬೆಲ್ಜಿಯಂನ ಷಿಮೇ ಅನ್ನೋ ಊರಲ್ಲಿ ಆಗ ಸಾಮಾನ್ಯ ರಸ್ತೆಗಳ ಮೇಲೇ ರೇಸ್ ನಡೀತಿತ್ತು, ಗ್ರ್ಯಾನ್ ಪ್ರೀ ದೆ ಫ್ರಾಂತಿಯೇರ್ ಅಂತ, ಸ್ವಲ್ಪ ಯಾಮಾರಿದ್ರೆ ಕಂಬಕ್ಕೋ ಗೋಡೆಗೋ ಹೋಗಿ ಗುದ್ದೋ ಅಂಥ ಜಾಗ. ಅಲ್ಲಿ ಪರ್ಲಿ 1970, 71, 72, ಮೂರು ವರ್ಷ ಸಾಲಾಗಿ ಗೆದ್ದ. ಅವನಿಗೆ ಪ್ರತಿಭೆ ಎಷ್ಟಿತ್ತು ಅನ್ನೋ ವಾದ ಇವತ್ತಿಗೂ ಇದೆ, ದುಡ್ಡಿದ್ದ ಹವ್ಯಾಸಿ ಅಂತ ಕೆಲವರು ತಳ್ಳಿಹಾಕ್ತಾರೆ, ಆದ್ರೆ ಷಿಮೇನಲ್ಲಿ ಮೂರು ಸಲ ಗೆಲ್ಲೋದು ಬರೀ ದುಡ್ಡಿನಿಂದ ಆಗೋ ಕೆಲಸ ಅಲ್ಲ ಅನ್ನೋದು ನನ್ನ ನಂಬಿಕೆ.

1973ರಲ್ಲಿ ಮಾರ್ಚ್ 731 ಅನ್ನೋ ಕಾರು ಹಿಡಿದು ಫಾರ್ಮುಲಾ ಒನ್‌ಗೆ ಬಂದ. ಕಾರಿನ ಮೇಲೆ ಎಲ್‌ಇಸಿ ಫ್ರಿಜ್ ಹೆಸರು. ಮೊನಾಕೋದಲ್ಲಿ ಮೊದಲ ರೇಸು, ಮುಗಿಸೋಕಾಗಲಿಲ್ಲ. ಆಮೇಲೆ ಜುಲೈ 29, ಝಾಂಡ್‌ವೋರ್ಟ್.

ಅಲ್ಲಿ ಅದೇ ಮಾದರಿಯ ಮಾರ್ಚ್ ಕಾರಲ್ಲಿ ಇನ್ನೊಬ್ಬ ಹುಡುಗ ಇದ್ದ, ರೋಜರ್ ವಿಲಿಯಮ್ಸನ್, 25 ವರ್ಷ. ಬ್ರಿಟನ್ನಿನಲ್ಲಿ ಫಾರ್ಮುಲಾ ತ್ರೀ ಚಾಂಪಿಯನ್ ಆಗಿ ಬಂದವನು, ಮುಂದೆ ದೊಡ್ಡ ಹೆಸರಾಗ್ತಾನೆ ಅಂತ ಎಲ್ಲರೂ ಮಾತಾಡ್ಕೋತಿದ್ದ ಹುಡುಗ. ಅವನ ಬೆನ್ನಿಗೆ ನಿಂತಿದ್ದು ಟಾಮ್ ವೀಟ್‌ಕ್ರಾಫ್ಟ್ ಅನ್ನೋ ಕಟ್ಟಡ ಕಂಟ್ರಾಕ್ಟರ್, ಸ್ವಂತ ಮಗನ ಥರ ನೋಡ್ಕೋತಿದ್ದ. ಇದು ವಿಲಿಯಮ್ಸನ್‌ಗೆ ಎರಡನೇ ಗ್ರ್ಯಾನ್ ಪ್ರೀ, ಮೊದಲನೆಯದು ಸಿಲ್ವರ್‌ಸ್ಟೋನ್‌ನಲ್ಲಿ ಮೊದಲ ಲ್ಯಾಪಿನ ಸರಣಿ ಅಪಘಾತದಲ್ಲೇ ಮುಗಿದುಹೋಗಿತ್ತು. ಅಂದ್ರೆ ಗ್ರ್ಯಾನ್ ಪ್ರೀ ರೇಸು ಅಂತ ಅವನು ನಿಜವಾಗಿ ಓಡಿಸಿದ್ದು ಈ ಎಂಟು ಲ್ಯಾಪ್ ಮಾತ್ರ.

ಎಂಟನೇ ಲ್ಯಾಪಿನಲ್ಲಿ ಟೈರ್ ಹೋಯ್ತು ಅಂತಾರೆ. ಕಾರು ತಡೆಬೇಲಿಗೆ ಬಡೀತು, ಆ ಬೇಲಿ ಗಟ್ಟಿಯಾಗಿ ನಿಲ್ಲದೆ ಹಿಂದಕ್ಕೆ ವಾಲಿ ಇಳಿಜಾರು ಹಲಗೆ ಥರ ಆಗಿ ಕಾರನ್ನ ಮೇಲಕ್ಕೆ ಚಿಮ್ಮಿಸಿಬಿಡ್ತು, ಕಾರು ತಲೆಕೆಳಗಾಗಿ ಉಜ್ಜಿಕೊಂಡು ಹೋಗಿ ನಿಂತಿತು, ಪೆಟ್ರೋಲಿಗೆ ಬೆಂಕಿ ಹತ್ತಿತು. 72 ಲ್ಯಾಪಿನ ರೇಸು ಅದು, ಎಂಟನೇ ಲ್ಯಾಪ್ ಅಂದ್ರೆ ಟ್ಯಾಂಕ್ ಹೆಚ್ಚುಕಮ್ಮಿ ತುಂಬಿಯೇ ಇತ್ತು. ಹುಡುಗನಿಗೆ ದೊಡ್ಡ ಪೆಟ್ಟೇನೂ ಆಗಿರಲಿಲ್ಲ, ಕಾರಿನ ಅಡಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದ, ಜೀವ ಇತ್ತು.

ಪರ್ಲಿ ಹಿಂದೆಯೇ ಬರ್ತಿದ್ದ. ಕಾರನ್ನ ಟ್ರ್ಯಾಕಿನ ಆ ಬದಿ ನಿಲ್ಲಿಸಿ, ಇಳಿದು, ಟ್ರ್ಯಾಕನ್ನ ಅಡ್ಡ ದಾಟಿ ಓಡಿದ, ರೇಸ್ ನಡೀತಿರೋ ಟ್ರ್ಯಾಕ್ ಅದು. ಮೊದಲು ಬರಿಗೈಲಿ ಕಾರನ್ನ ಎತ್ತಿ ಮಗುಚೋಕೆ ನೋಡಿದ. ಆಗಲಿಲ್ಲ. ಟ್ರ್ಯಾಕ್ ಪಕ್ಕ ಕಾವಲು ನಿಲ್ಲೋ ಮಾರ್ಷಲ್ ಹತ್ರ ಇದ್ದ ಒಂದೇ ಒಂದು ಬೆಂಕಿ ಆರಿಸೋ ಸಿಲಿಂಡರ್ ಕಿತ್ಕೊಂಡು ಪೂರ್ತಿ ಸುರಿದ, ಹೊಗೆ ಒಂದು ಗಳಿಗೆ ಬಿಳಿಯಾಯ್ತು, ಮತ್ತೆ ಕಪ್ಪಾಯ್ತು. ಮತ್ತೆ ಎತ್ತೋಕೆ ಹೋದ. ಹೋಗ್ತಿದ್ದ ಕಾರುಗಳಿಗೆ ನಿಲ್ಲಿ ನಿಲ್ಲಿ ಅಂತ ಕೈ ಬೀಸಿದ. ಮಾರ್ಷಲ್‌ಗಳ ಹತ್ರ ಬೆಂಕಿ ತಡೆಯೋ ಬಟ್ಟೆ ಇಲ್ಲ, ಮೈಮೇಲೆ ಇದ್ದಿದ್ದು ದಿನನಿತ್ಯದ ಉಡುಪು, ಕಾವಿಗೆ ಅವರು ಹತ್ರ ಬರೋಕಾಗದೆ ನಿಂತಿದ್ರು. ಸಹಾಯ ಮಾಡೋಣ ಅಂತ ಬೇಲಿ ಹಾರಿದ ಪ್ರೇಕ್ಷಕರನ್ನ ಪೊಲೀಸರು ನಾಯಿ ಬಿಟ್ಟು ತಡೆದ್ರು.

ಇಲ್ಲಿ ನನಗೆ ಒಂದು ಲೆಕ್ಕ ಬಿಡೋದೇ ಇಲ್ಲ. ಆ ವರ್ಷದ ನಿಯಮದ ಪ್ರಕಾರ ಫಾರ್ಮುಲಾ ಒನ್ ಕಾರಿನ ಕನಿಷ್ಠ ತೂಕ 575 ಕಿಲೋ, ಪೆಟ್ರೋಲು ಒಳಗಿರೋ ಮನುಷ್ಯ ಎಲ್ಲಾ ಸೇರಿಸಿದ್ರೂ ಏಳು ಎಂಟು ನೂರು ಕಿಲೋ ಆಗಬಹುದು. ಒಂದು ಕಡೆಯಿಂದ ಎತ್ತಿ ಮಗುಚೋದಕ್ಕೆ ಪೂರ್ತಿ ತೂಕವನ್ನೂ ಹೊರಬೇಕಾಗಿಲ್ಲ. ನಾಲ್ಕು ಜನ, ಐದು ಜನ, ಅಷ್ಟೇ ಸಾಕಿತ್ತು. ವಿಡಿಯೋದಲ್ಲಿ ನೋಡಿದ್ರೆ ಪರ್ಲಿ ಒಬ್ಬನೇ ದೂಕಿದಾಗಲೂ ಕಾರು ಒಂದು ಚೂರು ಅಲುಗಾಡುತ್ತೆ, ಆ ಅಲುಗಾಟ ನೋಡಿದಾಗ ಕರುಳು ಕಿತ್ತು ಬರುತ್ತೆ, ಪೂರ್ತಿ ಜಗ್ಗದೇ ಇದ್ದಿದ್ರೆ ಇಷ್ಟು ಸಂಕಟ ಆಗ್ತಿರಲಿಲ್ಲ. ಅವನು ಅಪರಿಚಿತ ಯಂತ್ರದ ಜೊತೆ ಗುದ್ದಾಡ್ತಿರಲಿಲ್ಲ, ಎರಡು ನಿಮಿಷದ ಹಿಂದೆ ತಾನೇ ಕೂತಿದ್ದಂಥದ್ದೇ ಕಾರು, ಒಳಗೆ ಮನುಷ್ಯ ಎಲ್ಲಿ ಹೇಗೆ ಸಿಕ್ಕಿಕೊಂಡಿದಾನೆ ಅನ್ನೋದು ಅವನ ಮೈಗೇ ಗೊತ್ತಿತ್ತು.

ಬೇರೆ ಡ್ರೈವರ್‌ಗಳು ಯಾಕೆ ನಿಲ್ಲಿಸಲಿಲ್ಲ ಅಂತ ನಾನೂ ಮೊದಲು ಸಿಟ್ಟಾಗಿದ್ದೆ. ಆಮೇಲೆ ಓದ್ತಾ ಹೋದಾಗ ಅರ್ಥ ಆಯ್ತು, ಉರೀತಿರೋ ಕಾರಿನ ಪಕ್ಕ ಹೆಲ್ಮೆಟ್ ಹಾಕ್ಕೊಂಡ ಡ್ರೈವರ್ ಒಬ್ಬ ನಿಂತಿದಾನೆ ಅಂದ್ರೆ ಅದು ಅವನದೇ ಕಾರು, ಅವನು ಹೊರಗೆ ಬಂದಿದಾನೆ, ಇನ್ನೇನು ತೊಂದರೆ ಇಲ್ಲ ಅಂತ ದಾಟಿ ಹೋದವರು ಅಂದ್ಕೊಂಡ್ರು. ರೇಸ್ ಕಂಟ್ರೋಲಿನವರೂ ಹಾಗೇ ಅಂದ್ಕೊಂಡ್ರು. ಕಾಪಾಡೋಕೆ ಹೋದವನು ಅಲ್ಲಿ ನಿಂತಿದ್ದೇ ಕಾಪಾಡಬೇಕಾದವನು ಇನ್ನೂ ಒಳಗಿದಾನೆ ಅನ್ನೋದನ್ನ ಮರೆಮಾಡಿಬಿಡ್ತು. ಡ್ರೈವರ್‌ಗಳ ಮೇಲಿನ ಸಿಟ್ಟು ಹಾಗೆ ಇಳೀತು, ಆದ್ರೆ ರೇಸ್ ನಡೆಸಿದವರ ಮೇಲಿನ ಸಿಟ್ಟು ಇಳಿದಿಲ್ಲ. ರೇಸು ನಿಲ್ಲಿಸಲಿಲ್ಲ. ಅಗ್ನಿಶಾಮಕ ಗಾಡಿ ಹತ್ರವೇ ಇತ್ತು, ಆದ್ರೆ ಕಾರುಗಳಿಗೆ ಎದುರಾಗಿ ಬರೋ ಹಾಗಿಲ್ಲ ಅಂತ ಪೂರ್ತಿ ಸುತ್ತು ಹಾಕ್ಕೊಂಡು ಬರಬೇಕಾಯ್ತು, ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಸುರಕ್ಷತೆಗೆ ಅಂತಲೇ ರಿಪೇರಿ ಮಾಡಿಸಿ ಮತ್ತೆ ತೆರೆದಿದ್ದ ಟ್ರ್ಯಾಕ್ ಅದು. ವಿಲಿಯಮ್ಸನ್ ಉಸಿರುಕಟ್ಟಿ ಸತ್ತ. ರೇಸನ್ನ ಜಾಕಿ ಸ್ಟುವರ್ಟ್ ಗೆದ್ದ, ಅವನ 26ನೇ ಗೆಲುವು, ಜಿಮ್ ಕ್ಲಾರ್ಕ್‌ನ ದಾಖಲೆ ಮುರಿದ ಗೆಲುವು.

ವಿಡಿಯೋದ ಕೊನೇಲಿ ಯಾರೋ ಪರ್ಲಿಯ ತೋಳು ಹಿಡಿದು ಕರ್ಕೊಂಡು ಹೋಗೋಕೆ ನೋಡ್ತಾರೆ, ಅವನು ಕೊಡವಿಕೊಳ್ತಾನೆ, ಆಮೇಲೆ ನಡೀತಾನೆ. ನಡಿಗೆ ಒಂಥರಾ, ಕೈ ಎಲ್ಲಿ ಇಡಬೇಕು ಅಂತ ಗೊತ್ತಿಲ್ಲದವನ ಥರ. ಅಷ್ಟು ಹೊತ್ತು ದೂಕಿದ ಕೈ ಅದು.

ಸೈನಿಕನಾಗಿದ್ದೋನು, ಅದಕ್ಕೇ ಯೋಚನೆ ಮಾಡದೆ ಓಡಿದ ಅಂತ ಬಹಳ ಜನ ಬರೀತಾರೆ. ಇರಬಹುದು. ಆದ್ರೆ ಆ ಮಾತು ಓಡೋದಕ್ಕೆ ಸರಿ, ಬೆಂಕಿ ಹತ್ರ ವಾಪಸ್ ವಾಪಸ್ ಹೋಗೋದಕ್ಕೆ ಸಾಲದು. ಮೊದಲ ಸಲ ಹೋದಾಗ ಮೈ ತಾನಾಗೇ ಹೋಗಿರಬಹುದು, ಎರಡನೇ ಸಲ, ಮೂರನೇ ಸಲ ಕಾವು ಎಷ್ಟಿದೆ ಅಂತ ಚೆನ್ನಾಗಿ ಗೊತ್ತಿದ್ದೇ ಹೋದ. ಬ್ರಿಟಿಷ್ ಸರ್ಕಾರ ಅವನಿಗೆ ಜಾರ್ಜ್ ಮೆಡಲ್ ಅನ್ನೋ ಶೌರ್ಯ ಪದಕ ಕೊಡ್ತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಕ್ಲೇ ರೆಗಝೋನಿಯನ್ನ ಉರಿಯೋ ಕಾರಿಂದ ಎಳೆದು ತೆಗೆದ ಮೈಕ್ ಹೇಲ್‌ವುಡ್‌ಗೂ ಅದೇ ಮೆಡಲ್. ಒಂದೇ ಸೀಸನ್ನು, ಎರಡು ಬೆಂಕಿ, ಒಬ್ಬ ಬದುಕಿದ, ಒಬ್ಬ ಬದುಕಲಿಲ್ಲ, ಮೆಡಲ್ ಮಾತ್ರ ಇಬ್ಬರಿಗೂ ಒಂದೇ. ಅದು ನನಗೆ ಬಹಳ ಸರಿ ಅನ್ಸುತ್ತೆ. ಪರ್ಲಿಯ ಕೆಲಸವನ್ನ ವಿಫಲ ಯತ್ನ ಅಂತ ಬರೆದಾಗಲೆಲ್ಲ ನನಗೆ ಬೇಜಾರಾಗುತ್ತೆ, ಅವನ ಪಾಲಿನದ್ದನ್ನ ಅವನು ಪೂರ್ತಿ ಮಾಡಿದ್ದ, ಉಳಿದ ನಾಲ್ಕು ಜನರ ಪಾಲು ಯಾರೂ ಮಾಡಲಿಲ್ಲ.

ಮೂರು ವರ್ಷದ ಮೇಲೆ, 1976ರಲ್ಲಿ, ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ನಿಕಿ ಲೌಡಾ ಕಾರಿಗೆ ಬೆಂಕಿ ಹತ್ತಿದಾಗ ನಾಲ್ಕು ಡ್ರೈವರ್‌ಗಳು ಕಾರು ನಿಲ್ಲಿಸಿ ಅವನನ್ನ ಹೊರಗೆ ತೆಗೆದ್ರು, ಮರ್ಝಾರಿಯೋ, ಎಡ್ವರ್ಡ್ಸ್, ಲಂಗರ್, ಎರ್ಟ್ಲ್. ಲೌಡಾ ಬದುಕಿದ, ಮತ್ತೆರಡು ಸಲ ವಿಶ್ವ ಚಾಂಪಿಯನ್ ಆದ. ಆ ನಾಲ್ಕು ಹೆಸರು ಓದಿದಾಗಲೆಲ್ಲ ನನಗೆ ಝಾಂಡ್‌ವೋರ್ಟ್ ನೆನಪಾಗುತ್ತೆ.

ಪರ್ಲಿ ಕಥೆಯಲ್ಲಿ ಯಾರೂ ಹೆಚ್ಚು ಹೇಳದ ಸಂಗತಿ ಒಂದಿದೆ. ಝಾಂಡ್‌ವೋರ್ಟ್ ಜುಲೈ 29, ಜರ್ಮನ್ ಗ್ರ್ಯಾನ್ ಪ್ರೀ ಆಗಸ್ಟ್ 5. ಒಂದೇ ವಾರ. ಆ ಭಾನುವಾರ ಪರ್ಲಿ ನೂರ್ಬರ್ಗ್‌ರಿಂಗ್‌ನಲ್ಲಿ, ಸುತ್ತ ಕಾಡಿರೋ 22 ಕಿಲೋಮೀಟರ್‌ಗಿಂತ ಉದ್ದದ ಆ ಟ್ರ್ಯಾಕಿನಲ್ಲಿ, ಅದೇ ಮಾದರಿಯ ಮಾರ್ಚ್ ಕಾರಲ್ಲಿ ಕೂತು ರೇಸ್ ಮುಗಿಸಿದ, 15ನೇ ಸ್ಥಾನ. ಬೆಲ್ಟ್ ಕಟ್ಕೊಂಡು, ಎರಡೂ ಪಕ್ಕ ಪೆಟ್ರೋಲ್ ಇಟ್ಕೊಂಡು ಕೂರೋವಾಗ ಏನನ್ನಿಸಿರಬಹುದು ಅಂತ ಯೋಚನೆ ಮಾಡಿದ್ರೆ ಮೈ ಜುಂ ಅನ್ನುತ್ತೆ.

ಆಮೇಲಿನ ವರ್ಷಗಳು ಫಾರ್ಮುಲಾ ಟೂ, ಫಾರ್ಮುಲಾ 5000 ಅಂತ ಕಳೆದ್ವು. 1976ರಲ್ಲಿ ಷೆವ್ರಾನ್ ಕಾರಲ್ಲಿ ಬ್ರಿಟನ್ನಿನ ಶೆಲ್‌ಸ್ಪೋರ್ಟ್ ಚಾಂಪಿಯನ್‌ಶಿಪ್ ಗೆದ್ದ. ಹವ್ಯಾಸಿ ಅಂದವರಿಗೆ ಅದೊಂದು ಉತ್ತರ. 1977ಕ್ಕೆ ಮನೆ ಕಂಪನಿ ದುಡ್ಡಲ್ಲೇ ಸ್ವಂತ ಫಾರ್ಮುಲಾ ಒನ್ ಕಾರು ಕಟ್ಟಿಸಿದ, ಎಲ್‌ಇಸಿ ಸಿಆರ್‌ಪಿ1, ಡಿಸೈನ್ ಮಾಡಿದ್ದು ಮೈಕ್ ಪಿಲ್‌ಬೀಮ್. ಹೆಸರಿನಲ್ಲಿರೋ ಸಿಆರ್‌ಪಿ ಅನ್ನೋದು ಅವರಪ್ಪನ ಇನಿಷಿಯಲ್ಸ್. ಚಿಕ್ಕ ತಂಡ, ಒಂದೇ ಕಾರು. ಬೆಲ್ಜಿಯಂನ ಝೋಲ್ಡರ್‌ನ ಮಳೆ ರೇಸಿನಲ್ಲಿ ಎಲ್ಲರೂ ಟೈರ್ ಬದಲಾಯಿಸೋಕೆ ಒಳಗೆ ಹೋಗಿದ್ದ ಹೊತ್ತಲ್ಲಿ ಪರ್ಲಿ ಸ್ವಲ್ಪ ಹೊತ್ತು ಮೂರನೇ ಸ್ಥಾನದಲ್ಲಿದ್ದ, ಹಿಂದೆ ಫೆರಾರಿಯಲ್ಲಿ ಲೌಡಾ. ದಾರಿ ಬಿಡಲಿಲ್ಲ ಅಂತ ರೇಸ್ ಆದ ಮೇಲೆ ಲೌಡಾ ಸಿಟ್ಟಾಗಿ ಇಂಥ ಮೊಲಗಳೆಲ್ಲ ಯಾಕೆ ಬರ್ತವೆ ಅನ್ನೋ ಅರ್ಥದಲ್ಲಿ ಏನೋ ಅಂದ, ಪರ್ಲಿ ಕಾರಿನ ಮೇಲೆ ಬಿಳಿ ಮೊಲದ ಚಿತ್ರ ಅಂಟಿಸ್ಕೊಂಡು ಬಂದ. ಝಾಂಡ್‌ವೋರ್ಟ್ ವಿಡಿಯೋ ಒಂದನ್ನೇ ನೋಡಿದವರಿಗೆ ಈ ಪರ್ಲಿ ಗೊತ್ತಾಗಲ್ಲ, ಆ ಬಿಳಿ ಮೊಲ ನನಗೆ ತುಂಬಾ ಇಷ್ಟ.

ಅದೇ ಜುಲೈ, ಸಿಲ್ವರ್‌ಸ್ಟೋನ್. ಕಾರುಗಳು ಜಾಸ್ತಿ ಅಂತ ಪ್ರೀ ಕ್ವಾಲಿಫೈಯಿಂಗ್, ಅಂದ್ರೆ ಅರ್ಹತಾ ಸುತ್ತಿಗೂ ಮೊದಲು ಕೆಲವರನ್ನ ಕೈಬಿಡೋ ಇನ್ನೊಂದು ಸುತ್ತು, ಇಟ್ಟಿದ್ರು. ಜಿಲ್ ವಿಲ್ನವ್ ಅನ್ನೋ ಹುಡುಗ ಫಾರ್ಮುಲಾ ಒನ್‌ಗೆ ಕಾಲಿಟ್ಟ ವಾರ ಅದು, ರೆನೋದ ಟರ್ಬೋ ಕಾರು ಮೊದಲ ಸಲ ರೇಸಿಗೆ ಇಳಿದ ವಾರಾನೂ ಅದೇ, ಹಾಗಾಗಿ ಚರಿತ್ರೆ ಬರೆಯೋರೆಲ್ಲ ಆ ಎರಡರ ಬಗ್ಗೆ ಬರೀತಾರೆ. ಪರ್ಲಿ ಕಾರಲ್ಲಿ ಅವತ್ತು ಒಂದು ಸಣ್ಣ ಬೆಂಕಿ ಕಾಣಿಸ್ಕೊಂಡಿತ್ತು, ಆರಿಸಿದ್ರು. ಆರಿಸೋಕೆ ಹೊಡೆದ ಪದಾರ್ಥದ ಉಳಿಕೆ ಥ್ರಾಟಲ್‌ನಲ್ಲಿ, ಅಂದ್ರೆ ವೇಗ ಹೆಚ್ಚುಕಮ್ಮಿ ಮಾಡೋ ಭಾಗದಲ್ಲಿ, ಕೂತು ಗಟ್ಟಿಯಾಗಿ, ಆಮೇಲೆ ಬೆಕೆಟ್ಸ್ ತಿರುವಿಗೆ ಬಂದಾಗ ಥ್ರಾಟಲ್ ತೆರೆದಂಗೇ ಸಿಕ್ಕಿಹಾಕ್ಕೊಳ್ತು ಅನ್ನೋದು ಆಮೇಲೆ ಕೊಟ್ಟ ಕಾರಣ. ಕಾರು ನೇರ ಹೋಗಿ ಗುದ್ದಿತು. ಗಂಟೆಗೆ 173 ಕಿಲೋಮೀಟರ್ ವೇಗದಿಂದ ಸೊನ್ನೆಗೆ, ಬರೀ 66 ಸೆಂಟಿಮೀಟರ್ ಜಾಗದಲ್ಲಿ.

66 ಸೆಂಟಿಮೀಟರ್ ಅಂದ್ರೆ ಎಷ್ಟು ಅಂತ ಟೇಪ್ ಹಿಡಿದು ನೋಡಿದೆ, ನನ್ನ ಭುಜದಿಂದ ಮುಷ್ಟಿವರೆಗೆ, ಅಷ್ಟೇ. ಹೈಸ್ಕೂಲಿನಲ್ಲಿ ಕಲಿತ ಸೂತ್ರ ಹಾಕಿ ಲೆಕ್ಕ ಮಾಡಿದ್ರೆ ಸೆಕೆಂಡಿನ ನೂರನೇ ಮೂರು ಭಾಗಕ್ಕಿಂತ ಕಮ್ಮಿ ಹೊತ್ತಲ್ಲಿ ಎಲ್ಲಾ ಮುಗಿದಿದೆ, ರೆಪ್ಪೆ ಬಡಿಯೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಗಿನ್ನೆಸ್ ದಾಖಲೆಯಲ್ಲಿ ಬರೆದಿದ್ದು 179.8 ಜಿ, ಅಂದ್ರೆ ಭೂಮಿಯ ಗುರುತ್ವದ ಸುಮಾರು 180 ಪಟ್ಟು. ಎಪ್ಪತ್ತು ಕಿಲೋ ಮನುಷ್ಯ ಆ ಒಂದು ಕ್ಷಣಕ್ಕೆ ಹನ್ನೆರಡು ಟನ್ನಿಗಿಂತ ಜಾಸ್ತಿ ತೂಗಿದ ಹಾಗೆ. 29 ಕಡೆ ಮೂಳೆ ಮುರಿದಿತ್ತು, ಮೂರು ಕೀಲು ತಪ್ಪಿತ್ತು, ಹೃದಯ ಆರು ಸಲ ನಿಂತು ಮತ್ತೆ ಶುರುವಾಯ್ತು ಅಂತ ದಾಖಲೆ ಹೇಳುತ್ತೆ. ಬಹಳ ವರ್ಷ, ಮನುಷ್ಯ ಬದುಕುಳಿದ ಅತಿ ದೊಡ್ಡ ಹೊಡೆತ ಅಂತ ಅದೇ ಇತ್ತು. 2003ರಲ್ಲಿ ಟೆಕ್ಸಾಸ್‌ನಲ್ಲಿ ಕೆನ್ನಿ ಬ್ರಾಕ್ 214 ಜಿ ಹೊಡೆತ ತಿಂದು ಬದುಕಿದ.

ನಾನು ಸಂಖ್ಯೆಗಳ ಹಿಂದೆ ಇನ್ನೊಂದನ್ನ ನೋಡ್ತೀನಿ. ಅವತ್ತು ಜನ ಬಂದ್ರು. ನಜ್ಜುಗುಜ್ಜಾದ ಕಾರಿಂದ ಅವನನ್ನ ಬಿಡಿಸಿ ತೆಗೆದ್ರು, ನಿಂತ ಹೃದಯವನ್ನ ಬಿಡದೆ ಮತ್ತೆ ಮತ್ತೆ ಬಡಿಯೋ ಹಾಗೆ ಮಾಡಿದ್ರು. ನಾಲ್ಕು ವರ್ಷದ ಹಿಂದೆ ಅವನು ಕೈ ಬೀಸಿ ಬೀಸಿ ಕರೆದಾಗ ಬರದ ಕೈಗಳು, ಅವನು ಒಳಗಿದ್ದಾಗ ಬಂದ್ವು. ಆ ಜನರ ಹೆಸರು ನನಗೆ ಎಲ್ಲೂ ಸಿಕ್ಕಿಲ್ಲ, ಅವರು ಬೆವರು ಒರೆಸ್ಕೊಂಡು ಮನೆಗೆ ಹೋಗಿರ್ತಾರೆ. ಅವರನ್ನ ನೆನೆಸ್ಕೊಂಡಾಗ ನನಗೆ ಯಾಕೋ ಕಣ್ಣು ತೇವ ಆಗುತ್ತೆ.

ಮುಂದಿನದು ಆಪರೇಷನ್, ಆಸ್ಪತ್ರೆ, ಊರುಗೋಲು, ಮತ್ತೆ ಆಪರೇಷನ್. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೆ ಮುಗೀತು ಅಂತಿದ್ರು. ಇವನು 1979ರಲ್ಲಿ ವಾಪಸ್ ಬಂದು ಬ್ರಿಟನ್ನಿನ ಅರೋರಾ ಸರಣಿಯಲ್ಲಿ ಕೆಲವೇ ಕೆಲವು ರೇಸು ಓಡಿಸಿದ. ಗೆಲ್ಲೋಕೆ ಬಂದಿರಲಿಕ್ಕಿಲ್ಲ, ತನ್ನ ಕಾಲಿಂದಲೇ ಪೆಡಲ್ ಒತ್ತೋಕಾಗುತ್ತಾ ಅಂತ ನೋಡ್ಕೊಳೋಕೆ ಬಂದಿರಬೇಕು. ಆಮೇಲೆ ರೇಸಿಂಗ್ ಬಿಟ್ಟ.

ಬಿಟ್ಟು ಬೋಗ್ನರ್ ರೀಜಿಸ್‌ಗೆ ಹೋಗಿ ಫ್ರಿಜ್ ಕಂಪನಿ ಕೆಲಸ ನೋಡ್ಕೊಂಡ. ನಲವತ್ತರ ಹತ್ರದ ಮನುಷ್ಯ, ಕಾಲು ಮೊದಲಿನಂತಿಲ್ಲ, ಎದುರಿಗೆ ಫೈಲುಗಳು. ಇಷ್ಟು ಸಾಕಾಗಲಿಲ್ಲ ಅವನಿಗೆ, ಏರೋಬ್ಯಾಟಿಕ್ಸ್ ಶುರು ಮಾಡಿದ, ಪಿಟ್ಸ್ ಸ್ಪೆಷಲ್ ಅಂತ ಪುಟ್ಟ ಎರಡು ರೆಕ್ಕೆ ಜೋಡಿ ವಿಮಾನ, ಆಕಾಶದಲ್ಲಿ ಪಲ್ಟಿ ಹೊಡೆಯೋಕೇ ಮಾಡಿದ್ದು. ಸಾವಿನ ಜೊತೆ ಚೆಲ್ಲಾಟ ಅಂತ ಇದನ್ನ ಬರೆಯೋರಿದಾರೆ. ನನಗೆ ಹಾಗನ್ನಿಸಲ್ಲ. ನಡೆಯೋವಾಗ ನೋಯೋ ಕಾಲು ವಿಮಾನದೊಳಗೆ ಕೂತಾಗ ಲೆಕ್ಕಕ್ಕೇ ಬರಲ್ಲ, ಮೇಲೆ ಹೋದ ಮೇಲೆ ಅವನು ಮತ್ತೆ ಪೂರ್ತಿ ಮನುಷ್ಯ ಆಗ್ತಿದ್ದ ಅಂತ ನಾನು ಅಂದ್ಕೋತೀನಿ. 1985ರ ಜುಲೈ 2, ಅವನ ಪಿಟ್ಸ್ ವಿಮಾನ ಬೋಗ್ನರ್ ಹತ್ರ ಸಮುದ್ರಕ್ಕೆ ಬಿತ್ತು. ವಯಸ್ಸು 40. ಹುಟ್ಟಿದ ಊರಿನ ಎದುರಿಗೇ.

ಟಾಮ್ ವೀಟ್‌ಕ್ರಾಫ್ಟ್‌ಗೆ ಡಾನಿಂಗ್ಟನ್‌ನಲ್ಲಿ ಸ್ವಂತ ಟ್ರ್ಯಾಕ್ ಇತ್ತು, ಜೊತೆಗೆ ರೇಸ್ ಕಾರುಗಳ ದೊಡ್ಡ ಮ್ಯೂಸಿಯಂ. ಝಾಂಡ್‌ವೋರ್ಟ್ ಆಗಿ 30 ವರ್ಷಕ್ಕೆ, 2003ರಲ್ಲಿ, ಅಲ್ಲಿ ರೋಜರ್ ವಿಲಿಯಮ್ಸನ್‌ನ ಕಂಚಿನ ಪ್ರತಿಮೆ ನಿಲ್ಲಿಸಿದ್ರು. ಅದೇ ಮ್ಯೂಸಿಯಂನಲ್ಲಿ, ಅದು 2018ರಲ್ಲಿ ಮುಚ್ಚೋದಕ್ಕೆ ಮೊದಲು, ಸಿಲ್ವರ್‌ಸ್ಟೋನ್‌ನಲ್ಲಿ ಗುದ್ದಿದ ಎಲ್‌ಇಸಿ ಕಾರನ್ನೂ ಇಟ್ಟಿದ್ರು, ರಿಪೇರಿ ಮಾಡದೆ, ಹೇಗಿತ್ತೋ ಹಾಗೇ. ಫೋಟೋಗಳನ್ನ ತುಂಬಾ ಹೊತ್ತು ನೋಡಿದೀನಿ. ಮೂತಿ ಅನ್ನೋದೇ ಇಲ್ಲ, ಪೆಡಲ್ ಇರಬೇಕಾದ ಜಾಗ ಹಿಂದಕ್ಕೆ ಒತ್ತರಿಸಿಕೊಂಡು ಬಂದು ಮುದ್ದೆಯಾಗಿದೆ, ಅಲ್ಲಿ ಎರಡು ಕಾಲು ಇದ್ವು ಅಂತ ನಂಬೋಕೇ ಆಗಲ್ಲ. ತನ್ನ ಹುಡುಗನನ್ನ ಬೆಂಕಿಯಿಂದ ತೆಗೆಯೋಕೆ ಹೋದ ಒಬ್ಬನೇ ಒಬ್ಬನ ಕಾರು ವೀಟ್‌ಕ್ರಾಫ್ಟ್ ಸಾಯೋವರೆಗೂ ಅವನ ಸೂರಿನಡಿಯೇ ಇತ್ತು.